ಹಳೇ ಮಷೀನಿನ ದರ: ತೂಕದ್ದೋ, ಕೆಲಸದ್ದೋ?

ಎತ್ತಿನ ದರ ಕಟ್ಟೋದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡ್ತೀವಿ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ ತಿಳೀತೈತಿ. ನಾಲ್ಕು ಹೆಜ್ಜೆ ನಡೆಸಿ, ಗೊರಸು ನೋಡಿ, ಹೆಗಲ ಮ್ಯಾಲೆ ಕೈಯಾಡಿಸಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯವಹಾರ ಮುಗಿಸ್ತೀವಿ. ಅದೇ ಮನುಷ್ಯ ಹಳೇ ಲೇತ್ ಮಷೀನಿನ ಮುಂದೋ, ಹಳೇ ಡೀಸೆಲ್ ಇಂಜಿನ್ನಿನ ಮುಂದೋ ನಿಂತರೆ "ಎಷ್ಟು ವರ್ಷದ್ದರಿ?" ಅಂತ ಒಂದು ಮಾತು ಕೇಳಿ ಸುಮ್ಮನಾಗ್ತಾನ. ಇಲ್ಲಾ ಮೋಡಕಾದವ ಹೇಳಿದ ಕಿಲೋ ದರಕ್ಕೆ ಗೋಣು ಹಾಕ್ತಾನ. ಎತ್ತಿನ ವಿದ್ಯೆ ನಮ್ಮ ಅಜ್ಜ ಮುತ್ತಜ್ಜರಿಂದ ಬಂದದ್ದು. ಮಷೀನಿನ ವಿದ್ಯೆ ನಮ್ಮ ಸೀಮೆಗೆ ಬಂದು 180 ವರ್ಷದ ಆಚೀಚೆ ಅಷ್ಟೇ. ಆದರೂ ಆ 180 ವರ್ಷದೊಳಗೆ ದರ ಕಟ್ಟೋ ಪಾಠ ಎಲ್ಲಾ ನಮ್ಮ ಸುತ್ತಮುತ್ತಲೇ ಆಗಿ ಹೋಗ್ಯಾವ. ಅದನ್ನೇ ಇವತ್ತು ಬರೀತೀನಿ, ಸ್ವಲ್ಪ ಉದ್ದ ಆಗ್ತದ.

ಮೊದಲು ಹತ್ತಿ. ಧಾರವಾಡ, ಬೆಳಗಾವಿ ಭಾಗದ ಎರಿ ಹೊಲದ ಹತ್ತಿಯನ್ನು ಹಿಂದೆ ಹೆಣ್ಣುಮಕ್ಕಳೇ ಬಿಡಿಸ್ತಿದ್ದರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹಾಕಿ, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿದರೆ ಬೀಜ ಮುಂದೆ ಜಿಗಿದು ಬೀಳ್ತಿತ್ತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ತೋಟಗಾರರನ್ನು ಕರೆಸಿ, ಧಾರವಾಡ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ಹತ್ತಿ ಬೆಳೆಸಿತು. ಆ ಹತ್ತಿಯ ಬೀಜ ಅರಳೆಗೆ ಗಟ್ಟಿಯಾಗಿ ಅಂಟಿಕೊಂಡಿರ್ತದ, ಕಾಲಿನ ಸರಳಿಗೆ ಬಗ್ಗಲಿಲ್ಲ. ಅದಕ್ಕೆ ಗರಗಸದ ಜಿನ್ನು ಬಂತು: ಒಂದು ಅಚ್ಚಿನ ಮೇಲೆ ಸಾಲಾಗಿ ದುಂಡನೆಯ ಗರಗಸದ ಬಿಲ್ಲೆ, ಅವುಗಳ ನಡುವೆ ಸಣ್ಣ ಸಂದು. ಅರಳೆ ಸಂದಿನಿಂದ ಆಚೆ ಹೋಗಬೇಕು, ಬೀಜ ಈಚೆ ಉಳೀಬೇಕು.

ಮಷೀನು ಬಂತು, ಅದರ ಬೆನ್ನಿಗೇ ತೊಂದರೆನೂ ಬಂತು. ಹಲ್ಲು ಮೊಂಡಾದರೆ, ಬಿಲ್ಲೆ ಬಾಗಿದರೆ, ಸಂದು ಅಗಲಾದರೆ ಅದೇ ಜಿನ್ನು ಅರಳೆಯನ್ನು ತುಂಡು ತುಂಡು ಮಾಡ್ತದ, ಬೀಜ ಅರೆದು ಅದರೊಳಗೆ ಕೂಡಿಸ್ತದ. ಮಾಲು ಕೆಡ್ತದ, ಪೇಟೆಯೊಳಗೆ ಹೆಸರು ಕೆಡ್ತದ. ಅದಕ್ಕೇ ಸರಕಾರ ಧಾರವಾಡದಲ್ಲಿ ಜಿನ್ನು ಮಾಡೋದಕ್ಕೂ, ಮುಖ್ಯವಾಗಿ ರಿಪೇರಿ ಮಾಡೋದಕ್ಕೂ ಒಂದು ಕಾರಖಾನೆ ನಡೆಸಬೇಕಾಯಿತು. ಇಲ್ಲಿ ನನ್ನ ತರ್ಕ ಹೇಳ್ತೀನಿ. ಧಾರವಾಡದ ಹತ್ತಿರ ಇದ್ದ ಹಳೇ ಜಿನ್ನು, ರಿಪೇರಿ ಕೈಗೆ ಸಿಗದ ದೂರದ ಹಳ್ಳಿಯ ಅದೇ ವಯಸ್ಸಿನ ಜಿನ್ನು, ಇವೆರಡಕ್ಕೂ ಒಂದೇ ದರ ಇರೋದು ಸಾಧ್ಯ ಇಲ್ಲ. ಒಂದು ದುಡಿಯೋ ಮಷೀನು, ಇನ್ನೊಂದು ಮಾಲು ಕೆಡಿಸೋ ಕಬ್ಬಿಣ. ಹಳೇ ಮಷೀನಿನ ದರವನ್ನು ಅದರ ವಯಸ್ಸು ಕಟ್ಟೂದಿಲ್ಲ. ಅದನ್ನು ಸರಿ ಮಾಡೋ ಕೈ ಎಷ್ಟು ದೂರ ಐತಿ ಅನ್ನೋದು ಕಟ್ಟತೈತಿ. ಮುಂದಿನ ಮಾತೆಲ್ಲ ಇದರ ಮೇಲೇ.

ಎರಡನೇ ಕಥಿ ನಮ್ಮ ಮನೀದೇ ಅಂತ ಹೇಳಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ನಮ್ಮ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರದೂ ಅದೇ ಊರು. ಯಲ್ಲಮ್ಮನ ಜಾತ್ರೆಗೆ ವರ್ಷಾ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗೋ ನಮ್ಮ ಎಷ್ಟೋ ಮಂದಿಗೆ ಈ ಮಾತು ಗೊತ್ತಿಲ್ಲ. ಲಕ್ಷ್ಮಣರಾಯರು ಚಿತ್ರ ಬರೆಯೋದು ಕಲೀಲಿಕ್ಕೆ ಮುಂಬೈಯ ಜೆ.ಜೆ. ಕಲಾಶಾಲೆಗೆ ಹೋದರು. ಕೆಲವು ಬಣ್ಣ ಅವರ ಕಣ್ಣಿಗೆ ಸರಿಯಾಗಿ ಬೇರೆಯಾಗಿ ಕಾಣ್ತಿರಲಿಲ್ಲ. ಹಂಗಾಗಿ ಯಂತ್ರದ ನಕ್ಷೆ ಬರೆಯೋದು ಕಲಿತು, ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮಾಸ್ತರಿಕೆ ಮಾಡಿದರು. 1888ರಲ್ಲಿ ಅಣ್ಣ ರಾಮುಅಣ್ಣನ ಜೋಡಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರುವಾಯಿತು. ಆಗ ಒಂದು ಸೈಕಲ್ಲಿಗೆ 700ರಿಂದ 1,000 ರೂಪಾಯಿ. ಹತ್ತಲು ಕಲಿಸೋದಕ್ಕೆ ಬೇರೆ 15 ರೂಪಾಯಿ. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆಯಲ್ಲಿ ಬಟ್ಟೆ ಖರೀದಿಗೆ ಅಡ್ಡಾಡೋವಾಗ ಇದನ್ನು ನೆನೆಸಿಕೊಳ್ರಿ.

ಸೈಕಲ್ಲಿನಿಂದ ಅವರು ಕಣಿಕಿ ಕತ್ತರಿಸೋ ಯಂತ್ರಕ್ಕೆ ಬಂದರು, 1903ರ ಸುಮಾರಿಗೆ ಕಬ್ಬಿಣದ ರಂಟಿಗೆ ಬಂದರು. ಆ ರಂಟಿ ಮೊದಲು ಮಾರಾಟ ಆಗಲಿಕ್ಕೆ ಎರಡು ವರ್ಷ ಹಿಡಿಯಿತು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರ್ತದ ಅಂತ ರೈತರು ನಂಬಿದ್ದರು, ಅದಕ್ಕೇ ಕೊಳ್ಳಲಿಲ್ಲ ಅಂತ ಎಲ್ಲಾರೂ ಬರೀತಾರ. ಇರಬಹುದು. ಆದರೆ ರೈತನನ್ನು ಬರೇ ಮೂಢ ಅಂತ ಬರೆದು ಮುಗಿಸೋದು ನನಗೆ ಒಪ್ಪಿಗೆ ಇಲ್ಲ. ಕಟ್ಟಿಗೆ ರಂಟಿಗೂ ಕಬ್ಬಿಣದ ಕುಳ ಇದ್ದೇ ಇತ್ತಲ್ಲ, ಅದರಿಂದ ಭೂಮಿ ಸಾಯಲಿಲ್ಲ. ಆ ಕಾಲದ ಲೆಕ್ಕ ಹಾಕಿ ನೋಡ್ರಿ. ಕಟ್ಟಿಗೆ ರಂಟಿ ಮುರಿದರೆ ಊರ ಬಡಿಗ ಇದ್ದ, ಕುಳ ಸವೆದರೆ ಊರ ಕಮ್ಮಾರ ಇದ್ದ. ಅವರಿಗೆ ಸುಗ್ಗಿಯಲ್ಲಿ ಕಣದಾಗ ಆಯ ಕೊಡ್ತಿದ್ದರು. ಅಂದರೆ ರಿಪೇರಿಯ ಖರ್ಚು ವರ್ಷದ ಕಾಳಿನೊಳಗೇ ಮುಗಿದಿತ್ತು. ಎರಕದ ರಂಟಿ ಮುರಿದರೆ ಊರ ಕುಲುಮೆಯಲ್ಲಿ ಅದು ಬೆಸೆಯೋದಿಲ್ಲ. ಬೀಡು ಕಬ್ಬಿಣ ಕಾಯಿಸಿ ಬಡಿದರೆ ಒಡೀತದ. ಬಿಡಿಭಾಗ ಬೆಳಗಾವಿಯಿಂದಲೇ ಬರಬೇಕು. ಕೊಳ್ಳೋವಾಗ ರೈತ ಕೇಳಿದ ಪ್ರಶ್ನೆ ಖರೇ ಪ್ರಶ್ನೆ: ಮುರಿದರೆ ಯಾರ ಕಡೆ ಹೋಗಲಿ?

ಆಮೇಲೆ ಬೆಳಗಾವಿಯ ಜಾಗ ಬಿಡಬೇಕಾಗಿ ಬಂತು. ಔಂಧ ಸಂಸ್ಥಾನದ ರಾಜರು ಕುಂಡಲ್ ರೋಡ್ ಸ್ಟೇಷನ್ ಹತ್ತಿರ ಕಳ್ಳಿ ಬೆಳೆದ 32 ಎಕರೆ ಬಂಜರು ಜಮೀನು, 10,000 ರೂಪಾಯಿ ಸಾಲ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಆಯಿತು. ನಮ್ಮ ಕೈಯಿಂದ ಹೋದದ್ದು ಹೋಯಿತು.

ಮೊದಲ ಮಹಾಯುದ್ಧದ ವೇಳೆ ಎರಕಕ್ಕೆ ಕಬ್ಬಿಣ ಸಿಗದಾಯಿತು. ಆಗ ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮ ಹಳೇ ತೋಪುಗಳನ್ನು ಕಿರ್ಲೋಸ್ಕರರಿಗೆ ಕೊಟ್ಟರು. ಅವು ಕರಗಿ ರಂಟಿ ಆದವು. ನಮ್ಮ ಮೋಡಕಾ ವ್ಯಾಪಾರದ ಪರವಾಗಿ ಇದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ. ಯುದ್ಧಕ್ಕೆ ಬಾರದ ತೋಪಿಗೆ ತೂಕದ ದರವೇ ನ್ಯಾಯದ ದರ. ಎಲ್ಲಾ ಹಳೇ ಕಬ್ಬಿಣವನ್ನೂ ಪೂಜೆಗೆ ಇಡಬೇಕು ಅಂತ ನಾ ಹೇಳ್ತಿಲ್ಲ. ಕರಗಿಸೋ ಹೊತ್ತು ಬಂದದ್ದು ಯಾವುದು, ಬಾರದ್ದು ಯಾವುದು ಅನ್ನೋದಷ್ಟೇ ಪ್ರಶ್ನೆ.

ಎರಡನೇ ಮಹಾಯುದ್ಧದಲ್ಲಿ ಇದರ ಉಲ್ಟಾ ಆಯಿತು. ಹೊರದೇಶದ ಲೇತ್ ಬರೋದು ನಿಂತು, 1941ರಲ್ಲಿ ಸರಕಾರ ಯಂತ್ರೋಪಕರಣಗಳ ಮೇಲೆ ನಿಯಂತ್ರಣ ಆದೇಶ ತಂದಿತು. ಅದೇ ವರ್ಷ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಮಾಡತೊಡಗಿತು. ಯುದ್ಧ ಮುಗಿದ ಮೇಲೆ ಮಿಲಿಟರಿಯ ಉಳಿದ ಸಾಮಾನು ಲಿಲಾವಿಗೆ ಬಂತು. 'ಡಿಸ್ಪೋಸಲ್ ಮಾಲು' ಅನ್ನೋ ಮಾತನ್ನು ಹಳೇ ಮೇಸ್ತ್ರಿಗಳು ಈಗಲೂ ಆಡ್ತಾರ. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಬಂತು. ಆದರೂ ಲೈಸೆನ್ಸಿನ ಆ ದಿನಗಳಲ್ಲಿ ಹೊಸ ಮಾಲಿಗೆ ಪಾಳಿ ಹಚ್ಚಬೇಕು. ಟ್ರ್ಯಾಕ್ಟರಿನ ದರವನ್ನು 1967ರಲ್ಲಿ ಸರಕಾರವೇ ಕಟ್ಟಿಕೊಟ್ಟಿತು. ಕಟ್ಟಿದ ದರಕ್ಕೆ ಹೊಸದು ಸಿಗೋದಿಲ್ಲ, ಕೈಗೆ ಸಿಗೋ ಹಳೇದಕ್ಕೆ ಬೇಡಿಕೆ ಏರ್ತದ. ಹಳೇದು ಅಂದರೆ ಅಗ್ಗ ಅನ್ನೋ ನಮ್ಮ ಇವತ್ತಿನ ಅಳತೆಗೋಲು ಆ ಕಾಲಕ್ಕೆ ಕೆಲಸಕ್ಕೆ ಬರ್ತಿರಲಿಲ್ಲ.

ಈಗ ಹರಿಹರದ ಕಾರಖಾನೆಯೂ ಇಲ್ಲ. ಎಚ್‌ಎಂಟಿ ಟ್ರ್ಯಾಕ್ಟರ್ ಘಟಕವನ್ನು 2016ರಲ್ಲಿ ಮುಚ್ಚಿದರು. ಆದರೆ ಹರಿಹರದ ಹಳೇ ಎಂಟರ್‌ಪ್ರೈಸ್ ಲೇತಿಗೆ ಗಿರಾಕಿ ಇನ್ನೂ ಹುಡುಕಿಕೊಂಡು ಬರ್ತಾರ, ಎಚ್‌ಎಂಟಿ ಟ್ರ್ಯಾಕ್ಟರ್ ನಮ್ಮ ಹೊಲದಾಗ ಇನ್ನೂ ಓಡ್ತಾವ. ಯಾಕಂದರೆ ಅವನ್ನು ಬಿಚ್ಚಿ ಜೋಡಿಸಿ ಗೊತ್ತಿದ್ದ ಮಂದಿ ಇದ್ದಾರ, ಸಿಗದ ಭಾಗವನ್ನು ಕಡೆದು ಕೊಡೋ ಲೇತ್ ಇದ್ದಾವ. ಕಂಪನಿ ಸತ್ತರೂ ಮಷೀನಿನ ದರ ಸತ್ತಿಲ್ಲ. ಹೊಸದಾಗಿ ಬಂದ ಕೆಲವು ಪವರ್ ವೀಡರುಗಳದು ಇದರ ತಿರುವುಮುರುವು. ಎರಡು ವರ್ಷ ಆಗಿರ್ತದ, ಬಣ್ಣ ಹೊಳೀತಿರ್ತದ, ಒಂದು ಗೇರ್ ಸಿಗದೆ ದನದ ಕೊಟ್ಟಿಗೆಯಲ್ಲಿ ಕೋಳಿ ಕೂಡಲಿಕ್ಕೆ ಬಳಕೆ ಆಗಿರ್ತದ. ಅದಕ್ಕೆ ತೂಕದ ದರ ಬಂದರೂ ಪುಣ್ಯ.

ಬ್ಯಾಂಕಿನವರು, ತೆರಿಗೆಯವರು ಕಟ್ಟೋ ದರವೂ ಒಂದು ಐತಿ. ಆದಾಯ ತೆರಿಗೆ ಲೆಕ್ಕದಲ್ಲಿ ಸಾಮಾನ್ಯ ಯಂತ್ರಕ್ಕೆ ವರ್ಷಾ ಉಳಿದ ಬೆಲೆಯ ಮೇಲೆ ಶೇ. 15 ಸವಕಳಿ ಕಳೀತಾರ. ಒಂದು ಲಕ್ಷದ ಮಷೀನು ಆ ಲೆಕ್ಕದಲ್ಲಿ 10 ವರ್ಷಕ್ಕೆ 20 ಸಾವಿರದ ಒಳಗೆ ಬರ್ತದ, 30 ವರ್ಷಕ್ಕೆ 800 ರೂಪಾಯಿ ಒಳಗೆ. ಅದು ತೆರಿಗೆಗೆ ಸರಿ. ಆದರೆ 800 ರೂಪಾಯಿಗೆ ಲೇತಿನ ಒಂದು ಹಿಡಿಕೆ ಕೂಡ ಯಾರೂ ಕೊಡೂದಿಲ್ಲ.

ಇದನ್ನೆಲ್ಲ ಬರೀಲಿಕ್ಕೆ ಕಾರಣ ಹೋದ ವರ್ಷದ ಒಂದು ಪ್ರಸಂಗ. ಬೈಲಹೊಂಗಲ–ಸವದತ್ತಿ ನಡುವಿನ ಒಂದು ಹಳ್ಳಿಯಲ್ಲಿ ಲೇತ್ ಇಟ್ಟಿದ್ದ ಮೇಸ್ತ್ರಿ ತೀರಿಕೊಂಡರು. ಊರ ಹೆಸರು ಬೇಡ. ಸುತ್ತಲಿನ ಏಳೆಂಟು ಊರಿನ ರೋಟಾವೇಟರ್ ಅಚ್ಚು, ಕೂರಿಗಿಯ ಬುಷ್, ಟ್ರೇಲರಿನ ಪಿನ್ನು ಎಲ್ಲಾ ಅಲ್ಲೇ ಆಗ್ತಿದ್ದವು. ಮೋಡಕಾದವನು ಬಂದು ಕಿಲೋಕ್ಕೆ 32 ರೂಪಾಯಿ ಹೇಳಿ ಹೋಗಿದ್ದ. ಆರು ಫೂಟಿನ ಬಟಾಲಾ ಲೇತ್, ಅಂದಾಜು 850 ಕಿಲೋ, 27,200 ರೂಪಾಯಿ. ಮೇಸ್ತ್ರಿಯ ಹೆಂಡತಿ ನಮ್ಮ ಕಡೆಯವರು. ಹೇಳಿಕಳಿಸಿದರು. ನಾನೂ ಬೆಳಗಾವಿಯ ಉದ್ಯಮಬಾಗಿನಲ್ಲಿ ಬಹಳ ವರ್ಷ ದುಡಿದು ಊರಿಗೆ ಬಂದ ಒಬ್ಬ ಹಿರಿಯ ಟರ್ನರೂ ಹೋದೆವು.

"ಅಣ್ಣಾರ, 30 ವರ್ಷದ್ದೈತಿ, ಇನ್ನೇನ ಬರತೈತಿ ಅಂದಾನವ. ಕೊಟ್ಟಬಿಡ್ಲೇನು?" ಅಂದರು.

"ತಡೀರಿ ಅಕ್ಕಾರ, ಅದು ಕೆಲಸ ಮಾಡತೈತೋ ಇಲ್ಲೋ ಮೊದಲ ನೋಡೂಣು," ಅಂದರು ಟರ್ನರ್.

ಅವರು ನೋಡಿದ ರೀತಿ ಎತ್ತಿನ ಹಲ್ಲು ನೋಡಿದ ಹಂಗೇ ಇತ್ತು. ಬಣ್ಣದ ಕಡೆ ಕಣ್ಣೂ ಹಾಯಿಸಲಿಲ್ಲ. ಮೊದಲು ಬೆಡ್ಡಿನ ಮೇಲೆ ಸ್ಯಾಡಲ್ಲನ್ನು ಚಕ್ಕಿನ ಹತ್ತಿರದಿಂದ ಟೇಲ್‌ಸ್ಟಾಕಿನ ಕಡೆಗೆ ಕೈಯಿಂದ ಓಡಿಸಿದರು. ಹಳ್ಳಿ ಲೇತಿನಲ್ಲಿ ಹೆಚ್ಚಿನ ಕೆಲಸ ಚಕ್ಕಿನ ಬಾಯಿಯಲ್ಲೇ ನಡೀತದ, ಹಂಗಾಗಿ ಬೆಡ್ಡು ಅಲ್ಲಿಯ ಒಂದೂವರೆ ಫೂಟಿನಲ್ಲೇ ಸವೀತದ. ಸ್ಯಾಡಲ್ ಅಲ್ಲಿ ಸಡಿಲಾಗಿ ಓಡಿ, ಆ ತುದಿಗೆ ಹೋದಂಗ ಬಿಗಿ ಹಿಡಿದರೆ ಅಷ್ಟು ಸವೆದೈತಿ ಅಂತ ಅರ್ಥ. ಸ್ವಲ್ಪ ಹಿಡಿಯಿತು. ಆಮೇಲೆ ಚಕ್ಕಿನಲ್ಲಿ ದಪ್ಪ ಸರಳು ಕಟ್ಟಿ, ಟೇಲ್‌ಸ್ಟಾಕಿನ ಆಸರೆ ಕೊಡದೆ, ಎಂಟು ಇಂಚು ತೆಳುವಾಗಿ ಕಡೆದು ಎರಡೂ ತುದಿಯನ್ನು ಮೈಕ್ರೋಮೀಟರಿನಿಂದ ಅಳೆದರು. ಒಂದು ತುದಿಗೂ ಇನ್ನೊಂದಕ್ಕೂ 0.06 ಮಿಲಿಮೀಟರ್ ಫರಕು. "ಕ್ರ್ಯಾಂಕಿನ ಕೆಲಸಕ್ಕ ನಡಿಯಾಂಗಿಲ್ಲ, ರೋಟಾವೇಟರಿಗೆ ಧಾರಾಳ ನಡಿತೈತಿ," ಅಂದರು. ಸ್ಪಿಂಡಲ್ಲಿಗೆ ಡಯಲ್ ಗೇಜ್ ಹಚ್ಚಿ, ಚಕ್ಕಿನಲ್ಲಿದ್ದ ಸರಳನ್ನು ಮೇಲಕ್ಕೆ ಎತ್ತಿ ನೋಡಿದರು, ಬೇರಿಂಗ್ ಗಟ್ಟಿ ಇತ್ತು. ಚಕ್ಕಿನ ಹಲ್ಲು ಬಾಯಿ ಬಿಟ್ಟಿದ್ದವು. ಗೇರ್ ಸೆಟ್ಟು ಎಣಿಸಿದಾಗ ನಾಲ್ಕು ಗೇರ್ ಕಡಿಮೆ, ಅದರೊಳಗೆ 127 ಹಲ್ಲಿನದೂ ಒಂದು. ಇಂಚಿನ ಲೀಡ್ ಸ್ಕ್ರೂ ಇದ್ದ ಲೇತಿನಲ್ಲಿ ಮಿಲಿಮೀಟರಿನ ಮರೆ ಕರಾರುವಾಕ್ಕಾಗಿ ಕಡೀಬೇಕಂದರೆ ಆ ಗೇರ್ ಬೇಕೇ ಬೇಕು, ಯಾಕಂದರೆ ಒಂದು ಇಂಚು ಅಂದರೆ 25.4 ಮಿಲಿಮೀಟರ್, ಅದರ ಐದು ಪಟ್ಟು 127.

ಲೆಕ್ಕ ಹಾಕಿದ್ದು ಹೀಂಗ. ಇದೇ ತರದ್ದು, ಓಡೋ ಸ್ಥಿತಿಯಲ್ಲಿದ್ದದ್ದು ಹುಬ್ಬಳ್ಳಿಯ ಹಳೇ ಮಷೀನಿನ ಅಂಗಡಿಯಲ್ಲಿ 1,10,000 ಹೇಳ್ತಿದ್ದರು. ಎತ್ತಿ ಸಾಗಿಸಿ ಕೂಡಿಸೋದಕ್ಕೆ 8,000, ಚಕ್ಕಿಗೆ 5,000, ಗೇರಿಗೆ 5,000 ಕಳೆದರೆ 92,000. ಅಂಗಡಿಯವನು ಕೆಟ್ಟರೆ ಒಂದು ತಿಂಗಳು ನೋಡಿಕೊಳ್ತಾನ, ಮನೆಯಿಂದ ಒಯ್ದದ್ದಕ್ಕೆ ಆ ಮಾತಿಲ್ಲ. ಬೆಡ್ಡಿನ ಸವಕಳಿ ಬೇರೆ. ಎರಡಕ್ಕೂ 12,000 ಬಿಟ್ಟೆವು. 80,000. ಇದು ಕೊಡೋರಿಗೂ ತಗೊಳ್ಳೋರಿಗೂ ಮುಖ ಎತ್ತಿ ಹೇಳಬಹುದಾದ ದರ ಅಂತ ನನ್ನ ಅಭಿಪ್ರಾಯ. ಮೋಡಕಾದವನು ಮೋಸ ಮಾಡಿದ ಅಂತ ನಾ ಹೇಳೂದಿಲ್ಲ. ಅವನು ಕೊಳ್ಳೋದು ಕಬ್ಬಿಣ, ಕಬ್ಬಿಣಕ್ಕೆ ಅವನು ಹೇಳಿದ್ದು ನ್ಯಾಯದ ದರವೇ. ಮಾರೋದು ಕಬ್ಬಿಣ ಅಲ್ಲ ಅನ್ನೋದು ಮಾರೋರಿಗೆ ಗೊತ್ತಿರಬೇಕು.

ಇನ್ನೊಂದು ಮಾತು, ಇದನ್ನು ಎಲ್ಲಾರೂ ಮರೀತೀರಿ. ಲೇತಿನ ಜೋಡಿ ಡ್ರಾವರಿನಲ್ಲಿದ್ದ ಸಣ್ಣ ಸಾಮಾನನ್ನು ಮೋಡಕಾದವನು ಲೆಕ್ಕಕ್ಕೇ ಹಿಡಿದಿರಲಿಲ್ಲ, "ಅದೂ ಕೂಡೇ ಬರಲಿ" ಅಂದಿದ್ದ. ಟ್ಯಾಪು, ಡೈ, ರೀಮರು, ಎಚ್‌ಎಸ್‌ಎಸ್ ಬಿಟ್ಟು, ಒಂದು ಹಳೇ ಮಿಟುಟೊಯೊ ಮೈಕ್ರೋಮೀಟರು, ಮುರಿದ ವಿಡಿಯಾ ತುದಿಗಳು ಒಂದು ಡಬ್ಬಿ ತುಂಬ. ಮುರಿದ ವಿಡಿಯಾ ಕೂಡ ಕಬ್ಬಿಣದ ಎಷ್ಟೋ ಪಟ್ಟು ದರಕ್ಕೆ ಹೋಗ್ತದ. ಮೇಸ್ತ್ರಿಯ ಮಗಳು ಕುಂತು ಒಂದೊಂದೇ ಬರೆದಳು, ಎಲ್ಲಾ ಕೂಡಿ 14,000 ಆಯಿತು. ವೆಲ್ಡಿಂಗ್ ಸೆಟ್ಟಿನದೂ ಹಂಗೇ. ಹಳೇ ಸೆಟ್ಟಿನೊಳಗೆ ತಾಮ್ರದ ಸುತ್ತು ಇದ್ದರೆ ಅದರ ದರ ಬೇರೆ, ಅಲ್ಯೂಮಿನಿಯಂ ಇದ್ದರೆ ಬೇರೆ. ಹೊರಗಿನ ಡಬ್ಬಿ ಎರಡಕ್ಕೂ ಒಂದೇ. ಬಿಚ್ಚಿಸಿ ನೋಡದೆ ದರ ಆಡಬ್ಯಾಡ್ರಿ.

ಡೀಸೆಲ್ ಇಂಜಿನ್ನಿಗೆ ಇಷ್ಟು ತಾಪತ್ರಯ ಇಲ್ಲ. ನೀವು ಹೋಗೋದ್ರೊಳಗೆ ಇಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ವಾಪಸ್ ಬಂದು ಮರುದಿನ ಹೇಳದೆ ಹೋಗ್ರಿ. ತಣ್ಣಗಿದ್ದಾಗ ಹ್ಯಾಂಡಲ್ ತಿರುವಿ, ಕಂಪ್ರೆಷನ್ ಎಷ್ಟು ಎದುರು ಹಿಡೀತದ ನೋಡ್ರಿ. ಶುರುವಾದ ಮೇಲೆ ಬ್ರೀದರಿನಿಂದ ಹೊಗೆ ಉಗುಳಿದರೆ ರಿಂಗು, ಲೈನರು ಹೋಗ್ಯಾವ. ಕ್ರ್ಯಾಂಕು ಎಷ್ಟು ಸಲ ಗ್ರೈಂಡಿಂಗ್ ಆಗೇತಿ ಕೇಳ್ರಿ. ಹತ್ತು, ಇಪ್ಪತ್ತು ಅಂದರೆ ಇನ್ನೂ ಆಯುಷ್ಯ ಐತಿ. ನಲವತ್ತು ಅಂದರೆ ಮುಂದಿನ ಸಲ ಹೊಸ ಕ್ರ್ಯಾಂಕಿನ ರೊಕ್ಕವನ್ನೂ ಈಗಲೇ ಕಳೀರಿ. ಐದು ಎಚ್‌ಪಿಯ ಕಿರ್ಲೋಸ್ಕರ್ ಎವಿ-1 ಇದ್ದರೆ ಬಿಡಿಭಾಗದ ಚಿಂತಿ ಇಲ್ಲ, ದರವೂ ಅದಕ್ಕೇ ನಿಂತೈತಿ.

ಆ ಲೇತನ್ನು ಅದೇ ಊರಿನ ವೆಲ್ಡಿಂಗ್ ಹುಡುಗ ತಗೊಂಡ. 80,000ದೊಳಗೆ 50,000 ಮೊದಲು, 30,000 ಹಿಂಗಾರಿ ಪೀಕು ಬಂದ ಮೇಲೆ. ಕಾಗದ ಬರೆದು ಊರ ಇಬ್ಬರು ಹಿರಿಯರು ಸಹಿ ಹಾಕಿದರು. ಉಳಿದ ರೊಕ್ಕ ಮಾರ್ಚಿನಲ್ಲಿ ಮುಟ್ಟಿತು. ಸಣ್ಣ ಸಾಮಾನಿನಲ್ಲಿ ಮೈಕ್ರೋಮೀಟರನ್ನು ಮಗಳು ಕೊಡಲಿಲ್ಲ, ಐಟಿಐ ಸೇರ್ತೀನಿ ಅಂತ ಇಟ್ಟುಕೊಂಡಳು. ಲೇತು ಮೋಡಕಾಕ್ಕೆ ಹೋಗಿದ್ದರೆ ಸುಗ್ಗಿಯಲ್ಲಿ ಅಚ್ಚು ಮುರಿದಾಗ ನಾವು ಬೈಲಹೊಂಗಲ ಪೇಟೆಗೋ ಬೆಳಗಾವಿಗೋ ಹೋಗಿ ಒಂದು ದಿನ ಕಳೀಬೇಕಿತ್ತು. ಇನ್ನೂ ಒಂದು ಲೆಕ್ಕ ಐತಿ. ಆ ಲೇತಿನ ಆಸರೆಗೆ ನಿಂತ ಏಳೆಂಟು ಊರಿನ ಪ್ರತಿಯೊಂದು ಹಳೇ ರೋಟಾವೇಟರಿನ ದರವೂ ಅವತ್ತೇ ಸ್ವಲ್ಪ ಇಳೀತಿತ್ತು. ನೂರಾ ಇಪ್ಪತ್ತು ವರ್ಷದ ಹಿಂದೆ ಕಬ್ಬಿಣದ ರಂಟಿಯ ಮುಂದೆ ನಿಂತ ರೈತನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹುಡುಗ ಮೂರು ಗೇರ್ ಉದ್ಯಮಬಾಗಿನಲ್ಲಿ ಕಡಿಸಿಕೊಂಡು ಬಂದಾನ. 127 ಹಲ್ಲಿನದು ಇನ್ನೂ ಸಿಕ್ಕಿಲ್ಲ, ಹೊಸದಾಗಿ ಕಡಿಸಲಿಕ್ಕೆ ಹೇಳಿದ ದರ ಅವನಿಗೆ ಹೊರಿ ಆಗೇತಿ. ಕಿತ್ತೂರು, ರಾಮದುರ್ಗದ ಕಡೆ ಹಳೇ ಲೇತ್ ಶಾಪು ಮುಚ್ಚಿದ್ದು ಭಾಳ ಅದಾವ ಅಂತ ಕೇಳೇನಿ. ಯಾರ ಮನಿ ಅಟ್ಟದ ಮ್ಯಾಲೆ, ಗೋಣಿಚೀಲದಾಗ ಅಂಥಾದ್ದೊಂದು ಬಿದ್ದಿದ್ದರೆ ಹಲ್ಲು ಎಣಿಸಿ, ನಡುವಿನ ತೂತಿನ ಅಳತೆ ತಗೊಂಡು ಫೋಟೋ ಹಾಕ್ರಿ. ಕಿಲೋ ಲೆಕ್ಕದಾಗ ಕೇಳೂದಿಲ್ಲ.